ಡೋರೀನ್ ಮಾರದ ಹೆಸರು

ಬೆಳಗಿನ ಐದು ಗಂಟೆ. ರಗ್ಬಿ ಆಟಕ್ಕೆ ಹೆಸರು ಕೊಟ್ಟ ರಗ್ಬಿ ಪಟ್ಟಣದ ಹಿಂಬೀದಿಯ ಶೆಡ್ಡೊಂದರಲ್ಲಿ ಎಪ್ಪತ್ತೆರಡರ ಡೋರೀನ್ ಟೆಬಟ್ ಒದ್ದೆ ಚರ್ಮವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕುಳಿತಿದ್ದಾರೆ. ದಬ್ಬಳ ಚುಚ್ಚಿದ ತೂತಿಗೆ ಎರಡೂ ಕಡೆಯಿಂದ ಸೂಜಿ ತೂರಿಸಿ, ಮೇಣ ಸವರಿದ ದಾರವನ್ನು ಬಿಗಿಯಾಗಿ ಎಳೆಯುತ್ತಾರೆ.

ನಾಲ್ಕು ಪಟ್ಟಿಗಳನ್ನು ಒಳಮೈ ಹೊರಗಾಗಿ ಹೊಲಿದು, ಮಗುಚಿ, ರಬ್ಬರ್ ಚೀಲ ತೂರಿಸಿ ಗಾಳಿ ತುಂಬಿದರೆ ರಗ್ಬಿ ಚೆಂಡು. ಹದಿನಾರನೇ ವಯಸ್ಸಿನಲ್ಲಿ ಅಪ್ಪನಿಂದ ಕಲಿತ ಕೆಲಸ. ಆಗ ದಿನಕ್ಕೆ ನಾಲ್ಕು. ಬೆರಳ ಗಂಟು ಊದಿಕೊಂಡ ಮೇಲೆ ಒಂದೂವರೆ. "ಉಳಿದರ್ಧ ನಾಳೆಗೆ. ಏಳೋಕೊಂದು ಕಾರಣ ಬೇಕಲ್ಲ!"

ಇನ್ನೂರು ವರ್ಷದ ಹಿಂದೆ ಇಲ್ಲಿನ ಶಾಲೆಯ ಹುಡುಗನೊಬ್ಬ ಕಾಲ್ಚೆಂಡಾಟದ ನಡುವೆ ಚೆಂಡನ್ನೆತ್ತಿಕೊಂಡು ಓಡಿದ, ಆಟ ಹುಟ್ಟಿತು ಎನ್ನುವುದು ಊರಿನ ಕಥೆ. ಕಣ್ಣಾರೆ ಕಂಡೆನೆಂದವರಿಲ್ಲ, ಪ್ರತಿಮೆ ಮಾತ್ರ ಇದೆ. "ಓಡಿದ್ನಂತೆ, ಓಡ್ಲಿ. ಚೆಂಡೇನು ಆಕಾಶದಿಂದ ಬಿತ್ತಾ? ರಬ್ಬರ್ ಬರೋಕೆ ಮುಂಚೆ ಚೆಂಡೊಳಗಿಡ್ತಿದ್ದ ಹಂದಿ ಮೂತ್ರಕೋಶಕ್ಕೆ ಬಾಯಿಟ್ಟು ಊದಿ ಕಾಯಿಲೆ ಅಂಟಿಸ್ಕೊಂಡೋರಿಗೆ ಒಂದು ಕಲ್ಲೂ ನೆಟ್ಟಿಲ್ಲ" ಎನ್ನುತ್ತಾರೆ ಡೋರೀನ್.

ಈಗ ಆಟ ಫಿಜಿಯ ಕಡಲಂಚಿನಿಂದ ಜಾರ್ಜಿಯಾದ ಬೆಟ್ಟದೂರುಗಳವರೆಗೆ ಹಬ್ಬಿದೆ. ಆ ಮಾರುಕಟ್ಟೆಯ ಆಸೆಗೇ ಕಳೆದ ಚಳಿಗಾಲ ದೊಡ್ಡ ಕಂಪನಿಯೊಂದರ ಹ್ಯಾಲಮ್ ಎಂಬಾತ ಬಂದ. ಯಂತ್ರದ ಚೆಂಡುಗಳ ಮೇಲೆ 'ಡೋರೀನ್ ಟೆಬಟ್ ಕೈಹೊಲಿಗೆ' ಎಂದು ಅಚ್ಚೊತ್ತಲು ಒಪ್ಪಿಗೆ ಕೇಳಿದ.

"ಮಿಸೆಸ್ ಟೆಬಟ್, ಜಪಾನಿನವರೆಗೂ ನಿಮ್ಮ ಹೆಸ್ರು ಹೋಗುತ್ತೆ. ನೀವು ಸೂಜಿ ಮುಟ್ಟೋದೇ ಬೇಡ."

"ನಾನು ಮುಟ್ಟದೇ ಇರೋದಕ್ಕೆ ನನ್ನ ಹೆಸ್ರು ಯಾಕೆ? ನಿಮ್ಮಮ್ಮನ ಹೆಸ್ರು ಹಾಕೋ ಚಿನ್ನಾ, ಅವರೂ ಮುಟ್ಟಿಲ್ಲ."

ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ತಿಂಗಳೊಳಗೆ, ಆ ಕಂಪನಿಯ ಒತ್ತಡಕ್ಕೆ, ಪಟ್ಟಣದ ಮೂರೂ ಅಂಗಡಿಗಳು ಡೋರೀನ್ ಚೆಂಡು ಇಡುವುದನ್ನು ಬಿಟ್ಟವು. ಆರು ವಾರ ಒಬ್ಬ ಗಿರಾಕಿಯೂ ಇಲ್ಲ. ಡೋರೀನ್ ಜಗ್ಗಲಿಲ್ಲ. ಶನಿವಾರ ಪಂದ್ಯಕ್ಕೆ ಹೋಗುವ ದಾರಿಯಲ್ಲೇ ಕುರ್ಚಿ ಹಾಕಿಕೊಂಡು, ಕೊರೆಯುವ ಗಾಳಿಯಲ್ಲಿ, ಎಲ್ಲರೆದುರು ಹೊಲಿದರು.

ಊರಿನ ಮಹಿಳಾ ತಂಡದಲ್ಲಾಡುವ ಫಿಜಿಯ ನರ್ಸ್ ಲಿತಿಯಾ ನಿಂತು ನೋಡಿ, ಒಂದು ಚೆಂಡು ಒಯ್ದಳು. ಮಳೆಯಲ್ಲಿ ಪಂದ್ಯದ ಎಂಬತ್ತು ನಿಮಿಷವೂ ಒದೆ ತಿಂದರೂ ಹೊಲಿಗೆ ಬಿಡಲಿಲ್ಲ. "ಅಜ್ಜೀ, ನಿಮ್ಮ ಚೆಂಡು ನಮ್ಮ ಮುಂದಿನ ಸಾಲಲ್ಲಿ ಗುದ್ದಾಡೋರಿಗಿಂತ ಗಟ್ಟಿ!" ಎಂದು ಕೂಗುತ್ತಲೇ ಬಂದಳು. ಇಂದು ಆ ತಂಡದ ಚೆಂಡುಗಳೆಲ್ಲ ಇಲ್ಲಿನವೇ. ಎರಡು ಚೆಂಡು ಲಿತಿಯಾಳ ಹಳ್ಳಿಯನ್ನೂ ತಲುಪಿವೆ.

ಆ ಚೆಂಡುಗಳ ಮೇಲೆ ಹೆಸರಿಲ್ಲ. ಮಗುಚುವ ಮುನ್ನ ಡೋರೀನ್ ಅದನ್ನು ಪೆನ್ಸಿಲಿನಲ್ಲಿ ಒಳಮೈಗೆ ಬರೆದುಬಿಡುತ್ತಾರೆ. ಯಾರಿಗೂ ಕಾಣುವುದಿಲ್ಲವಲ್ಲ ಎಂದರೆ ದಾರವನ್ನು ಹಲ್ಲಿನಿಂದ ಕಡಿದು ಹೇಳುತ್ತಾರೆ:

"ಕಾಣ್ಬೇಕು ಅಂದ್ರೆ ನನ್ನ ಹೊಲಿಗೆ ಬಿಚ್ಚಬೇಕು. ಬಿಚ್ಚಲಿ ನೋಡೋಣ!"