ಶೇಖಪ್ಪ ಆರಿಸಿದ ಬೂದ್ಯಾ

ಶೇಖಪ್ಪನಿಗೆ ಕುದುರೆ ಹತ್ತಲು ಬರುವುದಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಒಂದೇ ಸಲ ಹತ್ತಿದ್ದು, ಅದೂ ಮದುವೆಯ ಮೆರವಣಿಗೆಯಲ್ಲಿ. ಆ ಕುದುರೆ ಮದುಮಗನನ್ನು ಹೊತ್ತುಕೊಂಡು ಹೆಣ್ಣಿನ ಮನೆ ದಾಟಿ, ಊರು ದಾಟಿ, ವರದಾ ನದಿಯನ್ನೂ ದಾಟಿ, ಆಚೆ ಊರಿನ ಇನ್ನೊಂದು ಮದುವೆ ಚಪ್ಪರದ ಮುಂದೆ ಹೋಗಿ ನಿಂತಿತಂತೆ. ಅಲ್ಲಿಯ ಮದುಮಗ ಇನ್ನೂ ಬಂದಿರಲಿಲ್ಲವಂತೆ.

"ನಾ ಇನ್ನೊಂದ ತಾಸು ಅಲ್ಲೇ ನಿಂತಿದ್ದರ ನಿಮ್ಮ ಅಜ್ಜಿ ಬ್ಯಾರೇನ ಆಗತಿದ್ಲು," ಎಂದು ಮೊಮ್ಮಗಳು ಸಾಹಿತ್ಯಳಿಗೆ ಹೇಳುತ್ತಾನೆ.

ಹೆಂಡತಿ ಪಾರ್ವತೆವ್ವ ಅಡಿಗೆಮನೆಯಿಂದಲೇ, "ಅದು ಕುದುರಿ ಅಲ್ಲವ್ವಾ, ನಮ್ಮ ಕಾಕಾನ ಜೀಪು," ಎನ್ನುತ್ತಾಳೆ.

ಹತ್ತಲು ಬಾರದಿದ್ದರೇನು, ನೋಡಲು ಬರುತ್ತದೆ ಎಂಬುದು ಶೇಖಪ್ಪನ ವಾದ. ಹಾವೇರಿಯ ದನದ ಪ್ಯಾಟೆಯಲ್ಲಿ ಇಪ್ಪತ್ತು ವರ್ಷ ದಲ್ಲಾಳಿಯಾಗಿದ್ದವನು ಅವನು. ಆಮೇಲೆ ಮಗಳು ಹೇಮಶ್ರೀಯ ಹಿಂದೆ ಕೆನಡಾಕ್ಕೆ ಬಂದು, ರೆಕ್ಸ್‌ಡೇಲಿನ ಒಂದು ಫ್ಯಾಕ್ಟರಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟುಗಳಿಗೆ ಮುಚ್ಚಳ ಹಾಕಿದ. ಆ ಬಕೆಟ್ಟುಗಳನ್ನೂ ಎತ್ತುಗಳಂತೆಯೇ ತಟ್ಟಿ ನೋಡುತ್ತಿದ್ದನಂತೆ. ಒಂದು ಬಕೆಟ್ಟನ್ನು ಹಿಡಿದು "ಇದು ಹಾಯತೈತಿ" ಅಂದನಂತೆ, ಮರುದಿನ ಅದೇ ಬಕೆಟ್ಟು ಸೂಪರ್‌ವೈಸರನ ತಲೆಯ ಮೇಲೆ ಬಿತ್ತಂತೆ. ಇದಕ್ಕೆ ಸಾಕ್ಷಿ ಶೇಖಪ್ಪನೊಬ್ಬನೇ.

ಈಗ ನಿವೃತ್ತಿ. ಈಗ ಶನಿವಾರ ಬೆಳಿಗ್ಗೆ ಎಂಟಕ್ಕೆ ಅವನು ಮಗಳ ಮನೆಯ ಬೇಸ್‌ಮೆಂಟಿನಲ್ಲಿ, ಹಳೆಯ ಒರಗು ಕುರ್ಚಿಯಲ್ಲಿ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂರುತ್ತಾನೆ. ಇಲ್ಲಿ ಎಂಟು ಗಂಟೆಯಾದಾಗ ಇಂಗ್ಲೆಂಡಿನಲ್ಲಿ ಮಧ್ಯಾಹ್ನ. ಅಲ್ಲಿ ಬೇಲಿ ಹಾರುವ ಕುದುರೆಗಳ ರೇಸು ಶುರುವಾಗುತ್ತದೆ. ಎರಡು ಮೂರು ಮೈಲಿ ಓಟ, ದಾರಿಯುದ್ದಕ್ಕೂ ಎದೆಯೆತ್ತರದ ಬೇಲಿಗಳು. ಹಾರಿದವ ಉಂಟು, ಬಿದ್ದವ ಉಂಟು. ಪಿಕರಿಂಗಿನಿಂದ ಚಂದ್ರಮೋಹನರು ಲ್ಯಾಪ್‌ಟಾಪ್ ತಂದು ಟೀವಿಗೆ ಜೋಡಿಸುತ್ತಾರೆ. ಮೈಸೂರಿನವರು, ಪಿಕರಿಂಗಿನ ಅಣು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದವರು. ಯಾವ ಕುದುರೆ ಹಿಂದಿನ ಐದು ಓಟದಲ್ಲಿ ಏನು ಮಾಡಿತು, ಎಷ್ಟು ಭಾರ ಹೊತ್ತಿದೆ, ಕೆಸರಿನಲ್ಲಿ ಹೇಗೆ ಓಡುತ್ತದೆ ಎಂಬುದೆಲ್ಲ ಅವರ ಸ್ಪ್ರೆಡ್‌ಶೀಟಿನಲ್ಲಿದೆ. ಇಬ್ಬರೂ ದುಡ್ಡು ಕಟ್ಟುವುದಿಲ್ಲ. ಯಾರ ಕುದುರೆ ಗೆದ್ದಿತು ಎಂಬ ಹೆಮ್ಮೆಯೊಂದೇ.

ಶೇಖಪ್ಪ ಆರಿಸಿದ ನಂಬರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕುದುರೆಗೆ ದೃಷ್ಟಿಯಾಗುತ್ತದೆ. ಹಾವೇರಿಯಲ್ಲಿ ಎತ್ತಿನ ಬೆಲೆಯನ್ನು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಿದ್ದ ಹಾಗೆ, ಚಂದ್ರಮೋಹನರ ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡು ಮೂರು ಬೆರಳು ಹಿಡಿದರೆ ಮೂರನೇ ನಂಬರು, ಇಡೀ ಕೈ ಹಿಡಿದರೆ ಐದು.

"ಶೇಖಪ್ಪನವರೇ, ಈ ರೂಮಲ್ಲಿ ನಾವಿಬ್ರೇ ಇರೋದು," ಎಂದರು ಚಂದ್ರಮೋಹನರು ಮೊದಲ ವಾರ.

"ಟೀವಿ ಐತಲ್ರಿ," ಎಂದ ಶೇಖಪ್ಪ.

ಈ ಶನಿವಾರಗಳ ಮೇಲೆ ಪಾರ್ವತೆವ್ವನ ಕಣ್ಣು ಬಿದ್ದು ಮೂರು ವರ್ಷವಾಗಿತ್ತು. ಅವಳಿಗೆ ಶನಿವಾರ ಬೆಳಿಗ್ಗೆ ರಿಚ್ಮಂಡ್ ಹಿಲ್ಲಿನ ಗುಡಿಗೆ ಹೋಗಬೇಕು, ಹನುಮಪ್ಪನ ವಾರ. ಮಗಳಿಗೆ ಆಸ್ಪತ್ರೆಯಲ್ಲಿ ಶನಿವಾರದ ಶಿಫ್ಟು. ಕಾರು ನಡೆಸಬಲ್ಲವನು ಕುರ್ಚಿಯಲ್ಲಿ ಕುಂತಿದ್ದಾನೆ. ಫೆಬ್ರವರಿಯ ಒಂದು ಬೆಳಿಗ್ಗೆ, ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವಾಗ, ಅವಳು ಮಂಡಕ್ಕಿ ಗಿರಮಿಟ್ಟಿನ ತಟ್ಟೆ ಹಿಡಿದು ಬೇಸ್‌ಮೆಂಟಿಗೆ ಇಳಿದು ಬಂದು, ತಟ್ಟೆ ಕೊಡದೆ ನಿಂತಳು.

"ಇವತ್ತ ಎಷ್ಟ ಓಟ ಅದಾವ್ರಿ?"

"ಆರು."

"ಆರರಾಗ ನೀವು ಆರಿಸಿದ್ದ ಕುದುರಿ ಒಂದಾದ್ರೂ ಎಲ್ಲಾದಕ್ಕಿಂತ ಮೊದಲ ಬರಬೇಕು. ಬಂತಂದ್ರ ಈ ಕುರ್ಚಿ ಸಾಯೂತನಾ ನಿಮ್ಮದು, ನಾ ಗುಡಿ ಹೆಸರು ಎತ್ತಂಗಿಲ್ಲ. ಬರಲಿಲ್ಲಂದ್ರ ಎಲ್ಲಾ ಶನಿವಾರ ನನ್ನವು."

ಶೇಖಪ್ಪ ನಕ್ಕ. ಆರರಲ್ಲಿ ಒಂದು. ಟವೆಲ್ಲು ಚಾಚಿದ. ಪಾರ್ವತೆವ್ವ ಅದರ ಕೆಳಗೆ ಅವನ ಒಂದು ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವನ ನಗು ಅಲ್ಲೇ ನಿಂತಿತು. ಅವಳು ದಲ್ಲಾಳಿಯ ಮಗಳು. ಶೇಖಪ್ಪ ಅವಳಪ್ಪನ ಕೈಕೆಳಗೇ ಕಸುಬು ಕಲಿತದ್ದು. ಈ ಸಂಗತಿಯನ್ನು ಅವನು ಕಥೆ ಹೇಳುವಾಗ ಸಾಮಾನ್ಯವಾಗಿ ಮರೆಯುತ್ತಾನೆ.

ಮೊದಲ ಓಟದಲ್ಲಿ ಅವನು ಒಂದು ಕಂದು ಕುದುರೆಯನ್ನು ಆರಿಸಿದ. ಕಿವಿ ನೆಟ್ಟಗಿದ್ದವು. ಆ ಕಿವಿಗಳು ಮೂರನೇ ಬೇಲಿಯ ಹಿಂದೆ ಮಾಯವಾದವು, ಮತ್ತೆ ಕಾಣಲಿಲ್ಲ. ಎರಡನೆಯದು ಓಡುವ ಮೊದಲು ಸಗಣಿ ಹಾಕಿತು, ಹೊಟ್ಟೆ ಹಗುರ, ಗೆಲ್ಲುತ್ತದೆ ಎಂದ. ಹಗುರಾದದ್ದು ನಿಜ, ನಡುದಾರಿಯಲ್ಲಿ ನಿಂತು ಹುಲ್ಲು ಮೂಸಿತು. ಮೂರನೆಯದು ನಾಲ್ಕನೆಯದಾಗಿ ಬಂತು, ನಾಲ್ಕನೆಯದು ಬರಲೇ ಇಲ್ಲ. ಐದನೆಯದರಲ್ಲಿ ಚಂದ್ರಮೋಹನರ ಕುದುರೆ ಗೆದ್ದಿತು. ಅವರು ಗೆಳೆಯನ ಮುಖ ನೋಡಿ ಚಪ್ಪಾಳೆ ತಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ಟೀವಿಯೊಳಗ ಬಾಲ ಹಿಡದ ನೋಡಾಕ ಆಗೂದಿಲ್ರಿ," ಎಂದ ಶೇಖಪ್ಪ. "ಬಾಲ ಹಿಡದಿದ್ದರ ಐದೂ ನನ್ನವ."

"ಬಾಲ ಹಿಡಿದಿದ್ರೆ ಹಲ್ಲು ಹೋಗ್ತಿತ್ತು," ಎಂದರು ಚಂದ್ರಮೋಹನರು.

ಆರನೆಯ ಓಟದ ಹೊತ್ತಿಗೆ ಪಾರ್ವತೆವ್ವ ಕೆಳಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸಾಹಿತ್ಯ. ಕುದುರೆಗಳನ್ನು ಓಟಕ್ಕೆ ಮುಂಚೆ ಸುತ್ತು ಹಾಕಿಸುತ್ತಿದ್ದರು. ಶೇಖಪ್ಪ ಕುರ್ಚಿಯಿಂದ ಎದ್ದು ಟೀವಿಗೆ ಮೂಗು ತಾಗಿಸಿ ನಿಂತ. ಹನ್ನೊಂದು ಕುದುರೆ ಹೋದವು. ಒಂದು ಬೂದಿ ಬಣ್ಣದ್ದು, ನಾಲ್ಕನೇ ನಂಬರು, ಹಿಂಗಾಲನ್ನು ಮುಂಗಾಲಿನ ಹೆಜ್ಜೆಯ ಆಚೆಗೆ ಇಡುತ್ತಿತ್ತು. ಇಂಗ್ಲಿಷ್ ಹೆಸರಿಗೆ ನಾಲಿಗೆ ಹೊರಳದೆ ಅವನು ಅದಕ್ಕೆ ಬೂದ್ಯಾ ಎಂದು ಹೆಸರಿಟ್ಟ. ಟವೆಲ್ಲಿನ ಕೆಳಗೆ ಚಂದ್ರಮೋಹನರ ನಾಲ್ಕು ಬೆರಳು ಹಿಡಿದ.

"ಬೇಡಿ ಶೇಖಪ್ಪನವರೇ. ಲಾಸ್ಟ್ ಐದು ರೇಸಲ್ಲಿ ಮೂರು ಸಲ ಮುಗಿಸೇ ಇಲ್ಲ. ನನ್ನ ಲೆಕ್ಕದಲ್ಲಿ ನೂರಕ್ಕೆ ನಾಲ್ಕು ಚಾನ್ಸು."

"ಹಿಂಗಾಲು ನೋಡ್ರಿ. ಹೊಳಿ ದಾಟೂ ಕಾಲು ಅವು."

ಮೆಟ್ಟಿಲ ಮೇಲಿನಿಂದ ಪಾರ್ವತೆವ್ವ ಹೇಳಿದಳು: "ಕಾಲು ಛಲೋ ಅದಾವು. ಕುತ್ತಿಗಿ ಬುಡಕ ಸುಳಿ ನೋಡೀರೇನು? ಆ ಸುಳಿ ಇದ್ದದ್ದು ಮ್ಯಾಲ ಕುಂತವ್ನ ಇಳಸತೈತಿ. ಅಪ್ಪ ಅಂಥಾದ್ದನ್ನ ಪ್ಯಾಟಿಯೊಳಗ ಬಿಟ್ಟ ಬರತಿದ್ದಾ."

ಶೇಖಪ್ಪ ಕೇಳಿಸದವನ ಹಾಗೆ ಕುರ್ಚಿಗೆ ಮರಳಿದ. ದನದ ದಲ್ಲಾಳಿ ಮೇಲೆ ಕುಂತವನನ್ನು ಯಾವಾಗ ನೋಡಿದ್ದಾನೆ? ಎತ್ತಿನ ಮೇಲೆ ಯಾರೂ ಕೂರುವುದಿಲ್ಲ, ಸವಾರನ ಚಿಂತೆ ತನಗೇಕೆ ಎಂದುಕೊಂಡ.

ಓಟ ಶುರುವಾಯಿತು. ಬೂದ್ಯಾ ಮೊದಲು ಹಿಂದಿತ್ತು, ಆಮೇಲೆ ನಡುವೆ, ಕೆಸರು ಹೆಚ್ಚಾದಂತೆ ಮುಂದೆ. ಕೊನೆಗೆ ಮೂರು ಬೇಲಿ ಉಳಿದಾಗ ಎರಡನೆಯದಾಗಿತ್ತು. ಶೇಖಪ್ಪ ಟವೆಲ್ಲಿನ ತುದಿ ಕಚ್ಚಿಕೊಂಡ. ಬೂದ್ಯಾ ಬೇಲಿ ಹಾರಿತು, ಹಾರುವಾಗ ಮೈ ಒಂದು ಸಲ ಕೊಡವಿತು, ಸವಾರ ಹಾವೇರಿಯ ಮೆಣಸಿನಕಾಯಿ ಮೂಟೆಯಂತೆ ಪಕ್ಕಕ್ಕೆ ಉರುಳಿದ. ಪುಣ್ಯಕ್ಕೆ ಕೂಡಲೇ ಎದ್ದು ಕುಂಡಿ ಒರೆಸಿಕೊಂಡ. ಕುದುರೆ ಮಾತ್ರ ಹಿಂದೆ ತಿರುಗಿಯೂ ನೋಡಲಿಲ್ಲ. ಲಗಾಮು ಜೋತಾಡಿಸಿಕೊಂಡು ಒಂಟಿಯಾಗಿಯೇ ಮುಂದಿನ ಬೇಲಿ ಹಾರಿತು, ಅದರ ಮುಂದಿನದನ್ನೂ ಹಾರಿತು, ಎಲ್ಲರಿಗಿಂತ ಆರು ಮಾರು ಮುಂದೆ ಗುರಿಗಂಬ ದಾಟಿ, ಅಲ್ಲಿದ್ದ ಹೂವಿನ ಕುಂಡಕ್ಕೆ ಬಾಯಿ ಹಾಕಿತು.

ಶೇಖಪ್ಪ ಬಾಯಿಂದ ಟವೆಲ್ಲಿನ ತುದಿ ತೆಗೆದ.

"ಬಂತಲ್ಲ," ಎಂದ ಶೇಖಪ್ಪ ಮೆಲ್ಲಗೆ.

"ಅಜ್ಜಾ, ನೋ ರೈಡರ್, ನೋ ವಿನ್," ಎಂದಳು ಸಾಹಿತ್ಯ.

"ರೂಲ್ ಪ್ರಕಾರ ಅದು ಲೆಕ್ಕಕ್ಕೇ ಇಲ್ಲ," ಎಂದರು ಚಂದ್ರಮೋಹನರು, ತಪ್ಪು ಮಾಡಿದವರಂತೆ.

"ನಾ ಕುದುರಿ ಆರಿಸಿದ್ನ್ಯೋ ಮನಶ್ಯಾನ ಆರಿಸಿದ್ನ್ಯೋ? ಕುದುರಿ ಬಂತು. ಮನಶ್ಯಾ ಬರದಿದ್ದರ ಅದು ಅವನ ಮನಿ ವಿಚಾರ."

ಮೂವರೂ ಪಾರ್ವತೆವ್ವನ ಕಡೆ ತಿರುಗಿದರು. ಅವಳು ಇನ್ನೂ ಟೀವಿಯನ್ನೇ ನೋಡುತ್ತಿದ್ದಳು. ಅಲ್ಲಿ ಬೂದ್ಯಾನನ್ನು ಹಿಡಿಯಲು ನಾಲ್ಕು ಜನ ಓಡಾಡುತ್ತಿದ್ದರು.

"ಹೊಡಿಯಾವ್ರಿಲ್ಲ, ಎಳಿಯಾವ್ರಿಲ್ಲ, ಆದ್ರೂ ಹಾರತಲ್ಲ," ಎಂದಳು. "ಕುದುರಿ ಮೊದಲ ಬರಬೇಕು ಅಂದಿದ್ದೆ, ಬಂತು. ಮಾತಂದ್ರ ಮಾತು. ಕುರ್ಚಿ ನಿಮ್ಮದು. ನನಗೂ ಸವಾರ ಬೇಕಾಗಿಲ್ಲ ಬಿಡ್ರಿ."

ಕೊನೆಯ ಮಾತಿನ ಅರ್ಥ ಶೇಖಪ್ಪನಿಗೆ ಹೊಳೆದದ್ದು ಮುಂದಿನ ಶನಿವಾರ. ಬೆಳಿಗ್ಗೆ ಏಳಕ್ಕೆ ಪಾರ್ವತೆವ್ವ ಸೀರೆಯ ಮೇಲೆ ಮೊಮ್ಮಗಳ ನೇರಳೆ ಜಾಕೆಟ್ಟು, ಕಾಲಿಗೆ ಹಿಮದ ಬೂಟು ಹಾಕಿಕೊಂಡು ಬಸ್ಸಿನ ಕಾರ್ಡು ಹಿಡಿದು ನಿಂತಿದ್ದಳು. ಮೂರು ಬಸ್ಸು ಬದಲಿಸಿ ರಿಚ್ಮಂಡ್ ಹಿಲ್ಲಿಗೆ ಹೋಗುವವಳು. ಹೊರಡುವ ಮುಂಚೆ ಅವನ ಹೆಗಲಿನ ಟವೆಲ್ಲು ಎಳೆದು, ಕೆಳಗೆ ಕೈ ಹಾಕಿ ಎರಡು ಬೆರಳು ಹಿಡಿದಳು. "ಮೊದಲನೇ ಓಟ," ಎಂದಳು. ಶುಕ್ರವಾರ ಸಂಜೆಯೆಲ್ಲ ಅವಳು ಸಾಹಿತ್ಯಳ ಟ್ಯಾಬ್ಲೆಟ್ಟಿನಲ್ಲಿ ಆ ಕುದುರೆಗಳ ಹಳೆಯ ಓಟ ನೋಡಿದ್ದಳು.

ಶೇಖಪ್ಪ ನಕ್ಕು ಏಳನೇ ನಂಬರು ಆರಿಸಿದ. ಎರಡನೇ ನಂಬರು ಹತ್ತು ಮಾರು ಮುಂದೆ ಗೆದ್ದಿತು, ಸವಾರನ ಸಮೇತ.

ಚಂದ್ರಮೋಹನರು ಸ್ಪ್ರೆಡ್‌ಶೀಟನ್ನು ಬಹಳ ಹೊತ್ತು ನೋಡಿದರು. ಶೇಖಪ್ಪ ಕುರ್ಚಿಯ ಕೈಯನ್ನು ತಟ್ಟಿದ. ಸಾಯುವತನಕ ತನ್ನದಾದ ಕುರ್ಚಿ ಯಾಕೋ ಚುಚ್ಚುತ್ತಿತ್ತು.

"ಎರಡನೇ ಓಟಕ್ಕೆ ಪಾರ್ವತಮ್ಮನವರು ಏನಾದ್ರೂ ಹೇಳಿ ಹೋದ್ರಾ?" ಎಂದು ಕೇಳಿದರು ಚಂದ್ರಮೋಹನರು.

"ಇಲ್ರಿ."

"ಕಾರ್ ಕೀ ಎಲ್ಲಿದೆ?"

ಇಬ್ಬರೂ ಗುಡಿ ಮುಟ್ಟಿದಾಗ ಪಾರ್ವತೆವ್ವ ಹನುಮಪ್ಪನ ಎದುರಿನ ಗೋಡೆಗೆ ಒರಗಿ ಕೂತು ಜಪ ಮಾಡುತ್ತಿದ್ದಳು. ಶೇಖಪ್ಪ ಎದುರು ಕೂತು ಟವೆಲ್ಲು ಹಾಸಿ ಕೈ ಚಾಚಿದ. ಚಂದ್ರಮೋಹನರು ಫೋನಿನಲ್ಲಿ ಉಳಿದ ಓಟಗಳ ಪಟ್ಟಿ ತೆರೆದು ಹಿಡಿದರು.

"ಮೊದಲ ಹನ್ನೊಂದ ಸುತ್ತು ಹಾಕಿ ಬರ್ರಿ," ಎಂದಳು ಪಾರ್ವತೆವ್ವ. "ಇಬ್ರೂ."

ಹಾಕಿದರು. ಮೂರನೇ ಸುತ್ತಿಗೆ ಶೇಖಪ್ಪ ಓರೆಗಣ್ಣಿನಿಂದ ನೋಡಿದರೆ ಅವಳ ಜಪ ನಿಂತಿತ್ತು. ಪಕ್ಕದಲ್ಲಿ ಕೂತ ಯಾರೋ ಹೆಂಗಸಿಗೆ ಅವಳು ಇವರ ಕಾಲು ತೋರಿಸಿ ಹೇಳುತ್ತಿದ್ದಳು:

"ನಮ್ಮದು ಬಲಗಾಲು ಎಳೀತೈತಿ, ಆದ್ರ ಮುಗಸತೈತಿ. ಆ ಮೈಸೂರಿಂದು ಏಳನೇ ಸುತ್ತಿಗೆ ಕುಂದರತೈತಿ ನೋಡ್ರಿ."

ಚಂದ್ರಮೋಹನರು ಆರನೆಯದಕ್ಕೇ ಕೂತರು.