ಹಿಂದೆ ಸರಿಯಲು ಕಲಿಸಿದ ಫೌಜಿ

ಸಗರದ ಅಮೋಘಸಿದ್ದ ಹದಿನೇಳು ವರ್ಷ ಸೈನ್ಯದಲ್ಲಿದ್ದರೂ ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸಿದವನಲ್ಲ. ಕುರಿ ಕಾಯುವ ಮನೆತನದವನು, ಪ್ರಾಣಿಗಳ ಮನಸ್ಸು ಬಲ್ಲವನು ಎಂದು ಅವನನ್ನು ಹೇಸರಗತ್ತೆಗಳ ದಳಕ್ಕೆ ಹಾಕಿದ್ದರು. ಕಾಶ್ಮೀರದ ಬೆಟ್ಟಗಳಲ್ಲಿ ವಾಹನ ಹತ್ತದ ಚೌಕಿಗಳಿಗೆ ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡು ಮುಟ್ಟಿಸುವುದು ಅವನ ಕೆಲಸ. ನಿವೃತ್ತನಾಗಿ ಬಂದ ಮೇಲೆ ಶಹಾಪುರದಲ್ಲಿ ಸೈನ್ಯ ಸೇರಬಯಸುವವರಿಗೆ ಮುಂಜಾನೆ ಓಟ, ಕವಾಯತು ಕಲಿಸುತ್ತಿದ್ದ. ಓಟ ಮುಗಿಸಿ ಕೂತಾಗ ಅವರು ಯುದ್ಧದ ಕಥೆ ಕೇಳುವರು. ಅವನು ಹೆಚ್ಚಾಗಿ ಹೇಳುತ್ತಿದ್ದುದು ಒಂದೇ ಕಥೆ, ಅವನಿಗೆ ಅವನ ಸುಬೇದಾರರು ಹೇಳಿದ್ದು.

ಎರಡನೇ ಮಹಾಯುದ್ಧದಲ್ಲಿ ಹಿಂದೂಸ್ತಾನದ ಹೇಸರಗತ್ತೆ ಕಂಪನಿಗಳು ಫ್ರಾನ್ಸಿಗೆ ಹೋಗಿದ್ದವು. ೧೯೪೦ರಲ್ಲಿ ಜರ್ಮನ್ನರು ಒತ್ತಿಕೊಂಡು ಬಂದಾಗ ಡನ್‌ಕರ್ಕ್ ಎಂಬ ಕಡಲತೀರದಿಂದ ಲಕ್ಷಾಂತರ ಸೈನಿಕರು ಹಡಗು ಹತ್ತಿ ಪಾರಾಗಬೇಕಾಯಿತು. ಪ್ರಾಣಿಗಳಿಗೆ ಜಾಗವಿರಲಿಲ್ಲ. ಮಕ್ಕಳಂತೆ ಸಾಕಿದ ಹೇಸರಗತ್ತೆಗಳನ್ನು ಅಲ್ಲೇ ಬಿಟ್ಟು ನಮ್ಮವರು ಸಾಲು ಮುರಿಯದೆ ಕಡಲಿನತ್ತ ನಡೆದರು.

“ಅದು ಸೋತ ಕಥಿ ಆಯ್ತಲ್ರಿ ಸರ್,” ಎಂದಳು ತರಬೇತಿಗೆ ಬರುತ್ತಿದ್ದ ದಾನೇಶ್ವರಿ ಒಂದು ದಿನ.

“ಮುಂದ ನುಗ್ಗಾಕ ಧೈರ್ಯ ಇದ್ರ ಸಾಕವ್ವ. ಹಿಂದ ಬರಾಕ ತೆಲಿ ಬೇಕು. ಯಾರು ಮೊದಲ ಹೋಗಬೇಕು, ಯಾರು ಕಡೀಗಿ, ಏನು ಬಿಡಬೇಕು. ಅದನ್ನ ಹೇಳಾಂವನ ನಾಯಕ. ಬೈಸಿಕೊಳ್ಳಾಂವನೂ ಅವನ.”

ಹೋದ ವರ್ಷ ಆಗಸ್ಟ್‌ನಲ್ಲಿ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅವನ ಅಕ್ಕನ ಮಗ ಸಂಜುಕುಮಾರ ಫೋನ್ ಮಾಡಿದ. ಅಕ್ಕ ಹಣಮಮ್ಮ, ಸಂಜುಕುಮಾರ, ಅವನ ಹೆಂಡತಿ ಭಾರತಿ ಮತ್ತು ಏಳು ತಿಂಗಳ ಕೂಸು ಸುರಪುರದ ಕಡೆ ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದರು. ಮೇಲೆ ಮಳೆ ಜೋರಾಗಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ದಂಡೆಯ ಊರುಗಳಲ್ಲಿ ಸಾರಿದ ಡಂಗುರ ನಡುಗಡ್ಡೆಗೆ ಕೇಳಿಸಿರಲಿಲ್ಲ.

ಅಮೋಘಸಿದ್ದ ಹೊಳೆ ಮುಟ್ಟಿದಾಗ ದಂಡೆಯ ತುಂಬ ಜನ. ರಕ್ಷಣಾ ತಂಡ ಇನ್ನೊಂದು ಊರಿನಲ್ಲಿತ್ತು, ಬರಲು ಸಂಜೆಯಾಗುತ್ತಿತ್ತು. ಎಲ್ಲರೂ ಕೂಗುತ್ತಿದ್ದರು. ಅವನು ಮಾತ್ರ ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಅದನ್ನೇ ನೋಡುತ್ತ ಕೂತ. ಹತ್ತು ನಿಮಿಷದಲ್ಲಿ ಕೋಲು ನಾಲ್ಕು ಬೆರಳು ಮುಳುಗಿತು. ಸಂಜೆಯವರೆಗೆ ಕಾಯುವಂತಿರಲಿಲ್ಲ.

ಹರಿಗೋಲು ಹಾಕುವ ಮುಜಫರನನ್ನು ಕೇಳಿದ. “ಎಷ್ಟು ಸಲ ಹೋಗಿ ಬರಬಹುದು?”

“ಎರಡು ಸಲ, ಫೌಜಿ ಸಾಬ್. ಮೂರನೇದ್ದು ಕೇಳಬ್ಯಾಡ್ರಿ. ಒಂದು ಸಲಕ್ಕ ಇಬ್ಬರು ದೊಡ್ಡವರು, ಅಷ್ಟ.”

ಅವನೂ ಮುಜಫರನ ಜೊತೆ ದಾಟಿದ. ನಡುಗಡ್ಡೆಗೆ ಕಾಲಿಟ್ಟವನೇ ಭಾರತಿಯನ್ನು, ಕೂಸನ್ನು ಹರಿಗೋಲಿಗೆ ಹತ್ತಿಸಿದ. ಸಂಜುಕುಮಾರ ಹಿಂಜರಿದ.

“ಅವ್ವನ್ನ ಬಿಟ್ಟು ಹ್ಯಾಂಗ ಹೋಗ್ಲಿ ಮಾಮಾ?”

“ನಡು ಹೊಳ್ಯಾಗ ಕೂಸು ಹಿಡೀಲಿಕ್ಕೆ ಒಬ್ಬರು, ನೀರು ಹೊರಗ ಚೆಲ್ಲಲಿಕ್ಕೆ ಒಬ್ಬರು ಬೇಕು. ಹತ್ತು.”

ಹರಿಗೋಲು ಹೋಗಿ ಬರುವಷ್ಟರಲ್ಲಿ ಮಾಡಬೇಕಾದ ಕೆಲಸವೊಂದಿತ್ತು. ನೂರಾ ಎಂಬತ್ತು ಕುರಿಗಳು ಬಲೆ ಕಟ್ಟಿದ ದೊಡ್ಡಿಯೊಳಗಿದ್ದವು, ತಗ್ಗಿನಲ್ಲಿ. ಬಲೆ ಬಿಚ್ಚಿದರೆ ಹೆದರಿ ನೀರಿಗೆ ಬಿದ್ದಾವೆಂದು ಹಣಮಮ್ಮ ಬಿಚ್ಚಿರಲಿಲ್ಲ. ಬೆಟ್ಟದ ಹಾದಿ ಕುಸಿದಾಗ ಕಟ್ಟಿದ ಪ್ರಾಣಿಯೇ ಮೊದಲು ಸಾಯುವುದನ್ನು ಅಮೋಘಸಿದ್ದ ಕಂಡಿದ್ದ. ಅವನು ಕೂಗಲಿಲ್ಲ, ಓಡಲಿಲ್ಲ. ಒಂದು ಕಡೆ ಮಾತ್ರ ಬಲೆ ಸರಿಸಿ, ಮುಂದಾಳು ಟಗರಿನ ಕೊರಳು ಹಿಡಿದು, ಮೆಲ್ಲಗೆ ಬಂಡೆಗಳಿದ್ದ ಎತ್ತರಕ್ಕೆ ನಡೆದ. ಹಿಂದಿನಿಂದ ಹಣಮಮ್ಮ ನಾಲಿಗೆಯಿಂದ ಲೊಚಗುಟ್ಟಿ ಅವನ್ನು ಅಟ್ಟುತ್ತ ಬಂದಳು. ಹಿಂಡು ಅವನ ಹಿಂದೆ ಹತ್ತಿತು.

ಮುಜಫರ ಎರಡನೇ ಸಲ ಬಂದಾಗ ನೀರು ಕೆಂಪಗೆ ಸುಳಿ ಸುತ್ತುತ್ತಿತ್ತು. ಹಣಮಮ್ಮ ಬಂಡೆ ಬಿಟ್ಟು ಏಳಲಿಲ್ಲ.

“ನಾ ಬರಾಂಗಿಲ್ಲ. ಇವನ್ನ ಬಿಟ್ಟು ನಂದೇನೈತಿ?”

“ಯಕ್ಕ, ಕುರಿ ಸತ್ರ ನನ್ನ ಹೆಸರು ಹಿಡಿದು ಬೈ. ಊರ ಮಂದಿ ಮುಂದ ಬೈ. ಆದ್ರ ಬೈಯಾಕ ನೀ ಬದುಕಿರಬೇಕು.”

ಅವಳು ಅವನ ಮುಖಕ್ಕೆ ಒಂದು ಏಟು ಕೊಟ್ಟಳು. ಆಮೇಲೆ ಎದ್ದು ಹರಿಗೋಲಿಗೆ ಹತ್ತಿದಳು. ನಡುಹೊಳೆಯಲ್ಲಿ ಹರಿಗೋಲು ಮೂರು ಸುತ್ತು ತಿರುಗಿತು. ಮುಜಫರ ಅಲ್ಲಾನನ್ನೂ ಕುರಿಗಾರರ ದೇವರಾದ ಅಮೋಘಸಿದ್ದನನ್ನೂ ಒಟ್ಟಿಗೆ ಕರೆಯುತ್ತ ಹುಟ್ಟು ಹಾಕಿದ. ಹಣಮಮ್ಮ ಒಮ್ಮೆಯೂ ತಿರುಗಿ ನೋಡಲಿಲ್ಲ.

ಮುಂದಿನ ಎರಡು ದಿನ ಅವಳು ದಂಡೆ ಬಿಟ್ಟು ಕದಲಲಿಲ್ಲ, ತಮ್ಮನೊಡನೆ ಮಾತೂ ಆಡಲಿಲ್ಲ. ಮಳೆಯ ಮಬ್ಬಿನಲ್ಲಿ ಆಚೆಯ ಬಂಡೆ ಕಾಣುತ್ತಿರಲಿಲ್ಲ. ಅಮೋಘಸಿದ್ದ ಅವಳಿಂದ ಹತ್ತು ಮಾರು ದೂರ ಕೂತಿದ್ದ. ಸುಬೇದಾರರ ಕಥೆಯಲ್ಲಿ ಕಡಲು ದಾಟಿದ ಮೇಲೆ ಆ ಜನ ಹೇಗೆ ನಿದ್ದೆ ಮಾಡಿದರು ಎಂಬುದು ಇರಲಿಲ್ಲ. ಅವನೂ ಅವರನ್ನು ಅದನ್ನು ಎಂದೂ ಕೇಳಿರಲಿಲ್ಲ.

ಮೂರನೆಯ ಬೆಳಿಗ್ಗೆ ಹೊಳೆ ಇಳಿಯಿತು. ಸಂಜುಕುಮಾರ ಮತ್ತು ಮುಜಫರ ಮೊದಲು ಹೋದರು. ಅರ್ಧ ತಾಸಿಗೆ ಫೋನ್ ಬಂತು. ಸಂಜುಕುಮಾರ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯುತ್ತಿರಲಿಲ್ಲ. “ಅದಾವ ಮಾಮಾ! ಬಂಡೆಗಲ್ಲಿನ ಮ್ಯಾಲ ಒಂದರ ಮ್ಯಾಲ ಒಂದು ನಿಂತಾವ. ಆರು ಕಾಣವಲ್ಲವು. ಉಳಿದಾವೆಲ್ಲ ಅದಾವ!”

ಅಮೋಘಸಿದ್ದ ಫೋನನ್ನು ಅಕ್ಕನ ಕೈಗೆ ಕೊಟ್ಟು ಅಲ್ಲೇ ಮರಳಿನ ಮೇಲೆ ಕೂತ. ಕಿವಿಗೆ ಹಚ್ಚಿಕೊಂಡ ಹಣಮಮ್ಮನಿಗೆ ಕುರಿಗಳ ಕೂಗು ಕೇಳಿಸಿತು. ಬಹಳ ಹೊತ್ತು ಕೇಳಿದಳು. ಆಮೇಲೆ ಬಂದು ತಮ್ಮನ ಪಕ್ಕ ಕೂತು, ತಾನು ಹೊಡೆದಿದ್ದ ಕೆನ್ನೆಯನ್ನು ಅಂಗೈಯಿಂದ ಸವರಿದಳು.

“ಎರಡು ದಿನದಿಂದ ಏನರ ಉಂಡೀಯೇನೋ?” ಎಂದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಭಾರತಿ ರೊಟ್ಟಿಯ ಬುತ್ತಿ ಬಿಚ್ಚುವಷ್ಟರಲ್ಲಿ ಅವನಿಗೆ ಕೂತಲ್ಲೇ ನಿದ್ದೆ ಹತ್ತಿತ್ತು.