ಜೇಬಿನಲ್ಲಿದ್ದ ಫ್ಯೂಸು

ಓಣಿಯವರ ಬಾಯಲ್ಲಿ ಅವನು ಕರೆಂಟಣ್ಣ. ಯಾರ ಮನೆಗೆ ರಿಪೇರಿಗೆ ಹೋದರೂ ಕರೆಂಟು ನಿಲ್ಲಿಸಲು ಮೊದಲು ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ಅವನ ಪದ್ಧತಿ. "ನನ್ನ ಜೀವ ನನ್ನ ಜೇಬಲ್ಲೇ ಇರ್ಲಿ, ನಿಮ್ಮ ಕೈಗ್ಯಾಕೆ ಕೊಡ್ಲಿ?" ಎನ್ನುತ್ತಿದ್ದ.

ಏಣಿಯಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಹಳೆಯ ನೆನಪೆಲ್ಲ ಉಳಿಯಿತು. ಈಗಷ್ಟೇ ನಡೆದದ್ದು ಮಾತ್ರ ತೂತು ಕೊಡಕ್ಕೆ ಸುರಿದ ನೀರು. ಉಂಡು ಕೈತೊಳೆದವನು "ಊಟ ಯಾವಾಗ?" ಎಂದು ಕೇಳುತ್ತಿದ್ದ.

ಆಸ್ಪತ್ರೆಯಲ್ಲಿ ನೆನಪಿನ ತರಬೇತಿ ಕೊಡುವ ಮೇಡಂ ಒಂದೇ ಪ್ರಶ್ನೆ ಹಿಡಿದು ಕೂತಿದ್ದರು.

"ಕರೆಂಟಣ್ಣ, ತಂತಿ ಮುಟ್ಟೋ ಮೊದಲು?"

"ಟೆಸ್ಟರ್ ಇಡ್ಬೇಕು."

ತುಸು ಬಿಟ್ಟು ಮತ್ತೆ, ಇನ್ನಷ್ಟು ಬಿಟ್ಟು ಮತ್ತೆ ಅದೇ ಪ್ರಶ್ನೆ. ಅವನು ತಡವರಿಸಿದರೆ ತಾವೇ ಉತ್ತರ ಹೇಳಿಬಿಡುವರು. ತಪ್ಪು ಒಮ್ಮೆ ಬಾಯಿಗೆ ಬಂದರೆ ಅದೇ ಬೇರೂರುತ್ತದಂತೆ. "ಮನೇಲೂ ಕೇಳ್ತಿರಿ. ಅವರ ಕೆಲಸದ ಸಾಮಾನು ಕೈಗೆ ಸಿಗ್ತಿರ್ಲಿ" ಎಂದು ಹೆಂಡತಿಗೆ ಹೇಳಿದ್ದರು. ಅವಳು ಹಳೆಯ ಫ್ಯೂಸೊಂದನ್ನು ದಿನಾ ಬೆಳಿಗ್ಗೆ ಅವನ ಜೇಬಿಗೆ ಹಾಕತೊಡಗಿದಳು.

ಅಂದು ಬಟ್ಟೆ ಒಣಹಾಕಿ ಒಳಬಂದರೆ ಗಂಡ ಅಡುಗೆಮನೆಯಲ್ಲಿ ಸ್ಟೂಲು ಹತ್ತಿದ್ದಾನೆ. ಸ್ವಿಚ್ಚಿನ ಮುಚ್ಚಳ ಬಿಚ್ಚಿದೆ. ಎಡಗೈ ಜೇಬು ತಟ್ಟಿ ನೋಡಿತು. ಫ್ಯೂಸು ಇತ್ತು. ಅವನ ಮುಖದಲ್ಲಿ ನಿಶ್ಚಿಂತೆ. ಬಲಗೈ ತಂತಿಯತ್ತ ಹೊರಟಿತು.

ಮೂಲೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಲೇ ಇತ್ತು.

ಕರೆಂಟು ಹೋಗಿಲ್ಲ; ಜೇಬಿನಲ್ಲಿದ್ದದ್ದು ಬೆಳಿಗ್ಗೆ ಅವಳೇ ಹಾಕಿದ ಹಳೆಯ ಫ್ಯೂಸು. ಕೂಗಿದರೆ ಬೆಚ್ಚಿಬಿದ್ದು ತಂತಿಯನ್ನೇ ಹಿಡಿದಾನು. ಮೇನ್ ಸ್ವಿಚ್ಚು ಹೊರಬಾಗಿಲ ಆಚೆ, ಓಡಿದರೂ ಆಗದು. ಮೇಡಂ ಕೇಳುವ ರಾಗದಲ್ಲೇ ಕೇಳಿದಳು.

"ಕರೆಂಟಣ್ಣ, ತಂತಿ ಮುಟ್ಟೋ ಮೊದಲು?"

ಬೆರಳು ಗಾಳಿಯಲ್ಲೇ ನಿಂತಿತು. ಅವನು ಯೋಚಿಸಿದ. ಉತ್ತರ ಹೇಳಿಕೊಡಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ.

"ಟೆಸ್ಟರ್... ಇಡ್ಬೇಕು."

ಮುಚ್ಚಳ ಬಿಚ್ಚಿದ್ದ ಟೆಸ್ಟರನ್ನೇ ತಂತಿಗೆ ಇಟ್ಟ. ಟೆಸ್ಟರಿನೊಳಗೆ ಕೆಂಪು ಹೊತ್ತಿಕೊಂಡಿತು.

ಅವನು ಫ್ಯೂಸು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದ. "ಇದು ಇಲ್ಲಿದೆ. ಕರೆಂಟೂ ಅಲ್ಲಿದೆ. ಅದು ಹೇಗೇ?"

"ನಾನೇ ಹಾಕಿದ್ದು ರೀ. ನಿಮಗೆ ಒಳ್ಳೇದಾಗ್ಲಿ ಅಂತ."

"ಒಳ್ಳೇದಾ! ನನ್ನ ಮೇಲಕ್ಕೆ ಕಳಿಸೋ ಯೋಚನೆ ಇದ್ರೆ ಬಾಯ್ಬಿಟ್ಟು ಹೇಳ್ಬಾರ್ದಾ?" ನಗಲು ಹೋಗಿ, ನಗು ಬಾರದೆ ಕೆಳಗಿಳಿದ.

ಅವಳು ಫ್ಯೂಸು ಕಸಿದುಕೊಂಡು ಓಡಿದಳು. ಮೇನ್ ಆಫ್ ಮಾಡಿ ಬರುವಷ್ಟರಲ್ಲಿ ಅವನು ಮತ್ತೆ ಸ್ಟೂಲಿನ ಮೇಲೆ.

"ಈ ಮುಚ್ಚಳ ಯಾರೇ ಬಿಚ್ಚಿದ್ದು?"

ಎಡಗೈ ಜೇಬು ತಟ್ಟಿತು. ಫ್ಯೂಸು ಸಿಗಲಿಲ್ಲ. ಹಾವು ಕಂಡವನಂತೆ ಅವನು ತಂತಿಯಿಂದ ಕೈ ಹಿಂದೆಳೆದುಕೊಂಡ.

ಅವಳು ಫ್ಯೂಸು ಹಿಡಿದ ಮುಷ್ಟಿಯನ್ನು ಸೆರಗಿನೊಳಗೆ ಇನ್ನಷ್ಟು ಬಿಗಿ ಮಾಡಿದಳು.